ಅಹಮದಾಬಾದಿನಲ್ಲಿ ಕಡ್ಡಾಯ, ದಿಲ್ಲಿಯಲ್ಲಿ ನಿಮ್ಮಿಷ್ಟ

ಒಂದೇ ಸರ್ಕಾರ, ಎರಡು ಕೋರ್ಟು, ಎರಡು ನಾಲಿಗೆ. ಮೊದಲು ಅದನ್ನ ಹೇಳಿಬಿಡ್ತೀನಿ, ಜಗಳ ಆಮೇಲೆ ಆಡೋಣ.

2021ರ ಆಗಸ್ಟ್ ತಿಂಗಳು, ಗುಜರಾತ್ ಹೈಕೋರ್ಟು. ಕೋವಿಡ್ ಲಸಿಕೆ ಹಾಕಿಸಿಕೊಳ್ಳಲ್ಲ ಅಂದ ವಾಯುಪಡೆಯ ಕಾರ್ಪೊರಲ್ ಒಬ್ಬರಿಗೆ 'ನಿಮ್ಮನ್ನ ಕೆಲಸದಿಂದ ಯಾಕೆ ತೆಗೀಬಾರದು' ಅಂತ ನೋಟಿಸು ಬಂದಿತ್ತು. ಅವರು ಕೋರ್ಟಿಗೆ ಹೋದರು. ಕೇಂದ್ರ ಸರ್ಕಾರದ ವಕೀಲರು ಅಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಸಾಮಾನ್ಯ ಜನಕ್ಕೆ ಲಸಿಕೆ ಅವರವರ ಇಷ್ಟ, ವಾಯುಪಡೆಯವರಿಗೆ ಮಾತ್ರ ಅದು ಸೇವಾ ಷರತ್ತು. ಒಲ್ಲೆ ಅಂದವರು ಒಂಬತ್ತು ಜನ, ಅದರಲ್ಲಿ ನೋಟಿಸಿಗೆ ಉತ್ತರವನ್ನೇ ಕೊಡದ ಒಬ್ಬರನ್ನ ಆಗಲೇ ಮನೆಗೆ ಕಳಿಸಿದ್ದೂ ಆಗಿತ್ತು.

2022ರ ನವೆಂಬರ್, ಸುಪ್ರೀಂ ಕೋರ್ಟು. ಕೋವಿಶೀಲ್ಡ್ ಹಾಕಿಸಿಕೊಂಡ ಮೇಲೆ ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರು ತನಿಖೆ ಮಾಡಿ, ಪರಿಹಾರ ಕೊಡಿ ಅಂತ ಕೇಳಿದ್ದರು. ಅದೇ ಕೇಂದ್ರ ಸರ್ಕಾರ ಪ್ರಮಾಣಪತ್ರ ಹಾಕಿತು. ಲಸಿಕೆ ಹಾಕಿಸಿಕೊಳ್ಳೋದಕ್ಕೆ ಕಾನೂನಿನ ಬಲವಂತ ಇರಲಿಲ್ಲ, ಅದು ಸ್ವಯಂಪ್ರೇರಿತ, ಹಾಗಾಗಿ ಅಪರೂಪದ ಸಾವಿಗೆ ಸರ್ಕಾರ ಹೊಣೆ ಅಲ್ಲ, ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತ.

ಎರಡನೇ ಮಾತು ಆ ತಾಯಂದಿರಿಗೆ ಎಷ್ಟು ಕ್ರೂರ ಅನ್ನೋದನ್ನ ಸದ್ಯ ಪಕ್ಕಕ್ಕಿಡಿ. ಬರೀ ಲಾಜಿಕ್ ನೋಡಿ. ಬಲವಂತ ಇರಲಿಲ್ಲ, ಆದ್ದರಿಂದ ಹೊಣೆ ಇಲ್ಲ. ಸರಿ ಸ್ವಾಮಿ. ಬಲವಂತ ಇದ್ದವನ ಕಥೆ ಏನು? ಅಹಮದಾಬಾದಿನಲ್ಲಿ ನೀವೇ ಎದೆ ತಟ್ಟಿ ಹೇಳಿದ್ರಲ್ಲ, ಯೂನಿಫಾರ್ಮ್ ಹಾಕಿದವನಿಗೆ ಆಯ್ಕೆ ಇಲ್ಲ ಅಂತ? ನಿಮ್ಮದೇ ತರ್ಕದ ಪ್ರಕಾರ ಆ ಹುಡುಗನ ಹೊಣೆ ಪೂರ್ತಿ ನಿಮ್ಮದು. ಈ ಎರಡು ಕಾಗದಗಳನ್ನ ಪಕ್ಕಪಕ್ಕ ಇಟ್ಟು ಓದಿದ ಮೇಲೆ ನನಗೆ ಸುಮ್ಮನೆ ಕೂರೋಕೆ ಆಗ್ತಿಲ್ಲ.

ನೀವು ಕೇಳೋದು ಗೊತ್ತು, 'ಏನ್ ಗುರು, ನೀನೂ ವ್ಯಾಕ್ಸೀನ್ ವಿರೋಧಿ ಆಗ್ಬಿಟ್ಯಾ?' ಇಲ್ಲ. ಎರಡು ಡೋಸು ಹಾಕಿಸಿಕೊಂಡಿದ್ದೀನಿ, ಬೂಸ್ಟರೂ ಆಗಿದೆ. ಎರಡನೇ ಅಲೆಯಲ್ಲಿ ಹಾಲ್ಕುರಿಕೆಗೆ ಹೋಗಿದ್ದಾಗ ಕೊಬ್ಬರಿ ಸುಲಿಯೋಕೆ ಆಳಿಲ್ಲದೆ ಅಟ್ಟದ ಮೇಲೇ ಕಾಯಿ ಕೂತಿದ್ದನ್ನ, ತಿಪಟೂರಿನಲ್ಲಿ ಆಕ್ಸಿಜನ್ ಬೆಡ್ಡಿಗೆ ಜನ ಫೋನ್ ಮೇಲೆ ಫೋನ್ ಮಾಡಿದ್ದನ್ನ ನೋಡಿದವನು ನಾನು. ಲಸಿಕೆ ಬಂದಿದ್ದರಿಂದ ಎಷ್ಟು ಜೀವ ಉಳೀತು ಅನ್ನೋದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ.

ಈ ತಿಂಗಳು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ರಂಪ ನೆನಪಿರಬೇಕು. ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ಕೋರ್ಟಿನಲ್ಲಿ 'ನಮ್ಮ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯೋ ತೊಂದರೆ ಆಗಬಹುದು' ಅಂತ ಒಪ್ಪಿಕೊಂಡ ಸುದ್ದಿ ಬಂತು. ಒಬ್ಬ 'ನಾವೆಲ್ಲ ಸತ್ವಿ' ಅಂದ. ಇನ್ನೊಬ್ಬ 'ಇದೆಲ್ಲ ಫಾರಿನ್ ಷಡ್ಯಂತ್ರ' ಅಂದ. ಇಬ್ಬರೂ ಪೂರ್ತಿ ಸುದ್ದಿ ಓದಿರಲಿಲ್ಲ. ಮೂರು ವರ್ಷದ ಹಿಂದೆ, 2021ರ ಮೇ ತಿಂಗಳಲ್ಲೇ ನಮ್ಮ ಆರೋಗ್ಯ ಸಚಿವಾಲಯ ಇದನ್ನ ಹೇಳಿತ್ತು: 498 ಗಂಭೀರ ಪ್ರಕರಣಗಳನ್ನ ಪರಿಶೀಲಿಸಿದ್ದೇವೆ, ಅದರಲ್ಲಿ 26 ಈ ಥರದ್ದಿರಬಹುದು, ಅಂದರೆ ಹತ್ತು ಲಕ್ಷ ಡೋಸಿಗೆ 0.61. ಬ್ರಿಟನ್ನಿನಲ್ಲಿ ಇದು ಹತ್ತು ಲಕ್ಷಕ್ಕೆ 4, ಜರ್ಮನಿಯಲ್ಲಿ 10 ಅಂತಲೂ ಅದೇ ಪ್ರಕಟಣೆಯಲ್ಲಿತ್ತು. ನಮ್ಮಲ್ಲಿ ಯಾಕೆ ಕಮ್ಮಿ? ನಮ್ಮ ರಕ್ತ ಬೇರೆ ಇರಬಹುದು. ಬರೆದುಕೊಳ್ಳೋ ಪುಸ್ತಕ ಬೇರೆ ಇರಲೂಬಹುದು.

ಆ ಪುಸ್ತಕದ ವಿಷಯಕ್ಕೇ ನಾನು ಬರ್ತಿರೋದು.

ದೇಶದಲ್ಲಿ ಲಸಿಕೆಯ ಲೆಕ್ಕ ಅತ್ಯಂತ ಚೆನ್ನಾಗಿ ಇಡೋಕೆ ಸಾಧ್ಯ ಇರೋ ಜಾಗ ಯಾವುದು ಹೇಳಿ? ಸೈನ್ಯ. ಯಾರಿಗೆ ಯಾವತ್ತು ಚುಚ್ಚಿದ್ರು ಅಂತ ಗೊತ್ತು. ಎಲ್ಲರೂ ಸೇರುವಾಗ ಆರೋಗ್ಯವಂತರು, ಅದಕ್ಕೆ ದಾಖಲೆ ಇದೆ. ವರ್ಷಾ ವರ್ಷ ಮೆಡಿಕಲ್ ಆಗುತ್ತೆ. ಆಸ್ಪತ್ರೆಯೂ ಅವರದೇ, ಡಾಕ್ಟರೂ ಅವರವರೇ. ಇದು ಸಾಧ್ಯ ಅಂತ ಸೈನ್ಯವೇ ತೋರಿಸಿದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯವರು 2021ರಲ್ಲಿ 'ವಿನ್-ವಿನ್' ಅನ್ನೋ ಅಧ್ಯಯನ ಮಾಡಿದರು. 15.9 ಲಕ್ಷ ಜನ, ಸರಾಸರಿ ವಯಸ್ಸು ಇಪ್ಪತ್ತೇಳರ ಆಸುಪಾಸು, ನೂರಕ್ಕೆ ತೊಂಬತ್ತೊಂಬತ್ತು ಗಂಡಸರು. ಕೋವಿಶೀಲ್ಡ್ ಹಾಕಿಸಿಕೊಂಡವರಲ್ಲಿ ಸೋಂಕು ಸುಮಾರು ಶೇ. 93ರಷ್ಟು ಕಮ್ಮಿ, ಸಾವು ಸುಮಾರು ಶೇ. 98ರಷ್ಟು ಕಮ್ಮಿ. ಅಷ್ಟು ಜನರ ಲೆಕ್ಕವನ್ನ ಅಷ್ಟು ಬೇಗ ಕೊಟ್ಟಿದ್ದು ಸಣ್ಣ ಕೆಲಸ ಅಲ್ಲ. ನಾನು ಟೋಪಿ ತೆಗೀತೀನಿ.

ಆದರೆ ಆ ಅಧ್ಯಯನ ಕೇಳಿದ ಪ್ರಶ್ನೆ ಒಂದೇ: ಲಸಿಕೆ ಕಾಪಾಡ್ತಾ? ಆರು ತಿಂಗಳಾದ ಮೇಲೂ ಎದೆನೋವು ಹೋಗದವನು ಯಾರು, ಕಾಲಿನ ಜೋಮು ಬಿಡದವನು ಯಾರು, ಎರಡು ಕಿಲೋಮೀಟರ್ ಓಡಿದರೆ ಈಗ ಕೂತುಬಿಡೋನು ಯಾರು ಅನ್ನೋದು ಅದರ ಪ್ರಶ್ನೆ ಆಗಿರಲಿಲ್ಲ. ಪ್ರಶ್ನೆ ಕೇಳದೆ ಇದ್ದರೆ ಉತ್ತರ 'ಸೊನ್ನೆ' ಅಂತಲೇ ಬರುತ್ತೆ. ಪ್ರೊಡಕ್ಷನ್ನಿನಲ್ಲಿ ಲಾಗಿಂಗ್ ಆಫ್ ಮಾಡಿಟ್ಟು 'ಎರರ್ ಒಂದೂ ಇಲ್ಲ' ಅಂತ ಮ್ಯಾನೇಜರಿಗೆ ಮೇಲ್ ಹಾಕಿದ ಹಾಗೆ.

ಇದೇ ತಿಂಗಳು ಬನಾರಸ್ ವಿಶ್ವವಿದ್ಯಾಲಯದವರ ಕೋವ್ಯಾಕ್ಸಿನ್ ಪ್ರಬಂಧಕ್ಕೂ ಗಲಾಟೆ ಆಯ್ತು. 926 ಜನಕ್ಕೆ ಫೋನ್ ಮಾಡಿ ಒಂದು ವರ್ಷ ವಿಚಾರಿಸಿದ್ದರು, ಮೂರರಲ್ಲಿ ಒಬ್ಬರಿಗೆ ಏನೋ ಒಂದು ತೊಂದರೆ ಅಂತ ಬರೆದರು. ಹೋಲಿಸಿ ನೋಡೋಕೆ ಲಸಿಕೆ ಹಾಕಿಸಿಕೊಳ್ಳದವರ ಗುಂಪೇ ಇಲ್ಲ, ಹಿಂದಿನ ಆರೋಗ್ಯದ ಮಾಹಿತಿ ಇಲ್ಲ ಅಂತ ಐಸಿಎಂಆರ್ ಸಿಟ್ಟಾಯ್ತು. ಸಿಟ್ಟು ನ್ಯಾಯವಾದದ್ದೇ, ಆ ಪ್ರಬಂಧ ಬಹಳ ತೆಳ್ಳಗಿದೆ. ಹಾಗಾದರೆ ಹಿಂದಿನ ಆರೋಗ್ಯದ ಮಾಹಿತಿ ಹದಿನಾರು ಲಕ್ಷ ಜನರದ್ದು ಯಾರ ಹತ್ತಿರ ಇದೆ? ಬೈದವರೇ ಪಕ್ಕದ ಮನೆ ಬಾಗಿಲು ತಟ್ಟಬಹುದಲ್ಲ?

ಇನ್ನು ಸೈನಿಕನ ಕಡೆಯಿಂದ ನೋಡಿ. ನಮ್ಮೂರಲ್ಲಿ ಒಬ್ಬರಿದ್ದಾರೆ, ರಿಟೈರ್ಡ್ ಹವಾಲ್ದಾರರು, ನಾವೆಲ್ಲ ಮಿಲ್ಟ್ರಿ ಮಾವ ಅಂತೀವಿ. ಈಗ ತೋಟ ನೋಡ್ಕೊಂಡಿದ್ದಾರೆ. ಹೋದ ಸಲ ಊರಿಗೆ ಹೋದಾಗ ಕೇಳಿದೆ, 'ಮಾವ, ಸೂಜಿ ಹಾಕ್ವಾಗ ಏನು ಎತ್ತ ಅಂತ ಹೇಳ್ತಿದ್ರಾ?' ಅವರು ನಕ್ಕರು. 'ಬನೀನು ತೊಟ್ಕಂಡು ಸಾಲಲ್ಲಿ ನಿಂತ್ಕಳ್ಳದು ಕಣಪ್ಪ. ಈ ತೋಳಿಗೊಬ್ಬ, ಆ ತೋಳಿಗೊಬ್ಬ. ಏನು ಚುಚ್ಚಿದ್ರು ಅಂತ ಕೇಳಕ್ಕೆ ಅದೇನು ನಮ್ಮಪ್ಪನ ಮನೇನಾ? ಜ್ವರ ಬಂದ್ರೆ ಒಂದಿನ ಪೀಟಿ ಮಾಫಿ. ಮಾರನೇ ದಿನ ಓಡು.' ಜ್ವರ ಇಳೀದೇ ಇದ್ರೆ? 'ಇಳೀತು ಅನ್ನದು.'

ಆ 'ಇಳೀತು ಅನ್ನದು' ಇದೆಯಲ್ಲ, ಇಡೀ ರೋಗ ಅಲ್ಲಿದೆ. ಸೈನ್ಯದಲ್ಲಿ ಪ್ರತಿಯೊಬ್ಬನಿಗೂ ಒಂದು ಮೆಡಿಕಲ್ ಕೆಟಗರಿ ಇರುತ್ತೆ, 'ಶೇಪ್' ಅಂತಾರೆ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು, ಈ ಐದಕ್ಕೂ ಅಂಕ. ಎಲ್ಲದರಲ್ಲೂ ಒಂದು ಬಂದರೆ ಶೇಪ್-ವನ್. ಅದರಿಂದ ಇಳಿದರೆ ಲೋ ಮೆಡಿಕಲ್ ಕೆಟಗರಿ. ಆಮೇಲೆ ಪ್ರಮೋಷನ್ನು, ಕೋರ್ಸು, ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗೋ ಅವಕಾಶ, ಎಲ್ಲಕ್ಕೂ ಕಲ್ಲು. ಮಗಳ ಮದುವೆಗೆ, ಬೋರ್‌ವೆಲ್ ಸಾಲಕ್ಕೆ ದುಡ್ಡು ಕೂಡಿಸ್ತಿರೋ ನಾಯಕ್ ಒಬ್ಬ ಎದೆ ಹಿಡಿದುಕೊಂಡು ಎಂ.ಐ. ರೂಮಿಗೆ ಹೋಗಿ 'ಸಾರ್, ಆ ಇಂಜೆಕ್ಷನ್ ಆದಾಗಿನಿಂದ ಹಿಂಗೆ' ಅಂತಾನಾ? ಅಂದರೆ ಅವನ ಸರ್ವೀಸಿಗೇ ಕುತ್ತು. ಅನ್ನಲ್ಲ. ನಾವು ಅಪ್ರೈಸಲ್ ಟೈಮಲ್ಲಿ ಬೆನ್ನುನೋವು ಹೇಳಿಕೊಳ್ಳಲ್ಲವಲ್ಲ, ಅದರ ಹತ್ತರಷ್ಟು.

ಹಾಗಾಗಿ ಸೈನ್ಯದಲ್ಲಿ 'ಯಾರೂ ದೂರಿಲ್ಲ' ಅಂದರೆ ಯಾರಿಗೂ ನೋವಿಲ್ಲ ಅಂತ ಅರ್ಥ ಅಲ್ಲ. ಹುಡುಕಿಕೊಂಡು ಹೋಗಿ ಕೇಳಬೇಕು. ಹುಡುಕಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಸೈನ್ಯ ನೋಡಿ. ಅವರೇನೂ ಸತ್ಯಹರಿಶ್ಚಂದ್ರರಲ್ಲ. 1998ರಲ್ಲಿ ಆಂಥ್ರಾಕ್ಸ್ ಲಸಿಕೆ ಕಡ್ಡಾಯ ಮಾಡಿ, ಒಲ್ಲೆ ಅಂದವರನ್ನ ಶಿಕ್ಷಿಸಿ, ಕೊನೆಗೆ 2004ರಲ್ಲಿ ಅವರದೇ ಫೆಡರಲ್ ನ್ಯಾಯಾಧೀಶರು ಆ ಕಡ್ಡಾಯಕ್ಕೆ ತಡೆ ಹಾಕಬೇಕಾಯ್ತು. ಸೇವೆಯಲ್ಲಿ ಆದ ಹಾನಿಗೆ ಸೈನಿಕ ಸರ್ಕಾರದ ಮೇಲೆ ದಾವೆ ಹೂಡೋ ಹಾಗಿಲ್ಲ ಅಂತ 1950ರಿಂದಲೂ ಅಲ್ಲಿ ಒಂದು ತೀರ್ಪು ಅಡ್ಡ ಮಲಗಿದೆ. ಇಷ್ಟಾದರೂ ಲೆಕ್ಕ ಇಡೋದು ಕಲಿತರು. ಪೆಟ್ಟು ತಿಂದು ಕಲಿತರು.

1942ರಲ್ಲಿ ಅವರ ಸೈನಿಕರಿಗೆ ಕೊಟ್ಟ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಂ ಬೆರೆಸಿದ್ದರು. ಅದರ ಜೊತೆ ಹೆಪಟೈಟಿಸ್ ಬಿ ಬಂತು. ಸುಮಾರು 50,000 ಸೈನಿಕರು ಕಾಮಾಲೆಯಾಗಿ ಆಸ್ಪತ್ರೆ ಸೇರಿದರು, ಸೋಂಕು ತಗುಲಿದವರು 3 ಲಕ್ಷ 30 ಸಾವಿರ ಅಂತ ಆಮೇಲೆ ಅಂದಾಜು ಮಾಡಿದರು. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು 'ಆಮೇಲೆ' ಅನ್ನೋ ಪದ. ನಲವತ್ತು ವರ್ಷ ಆದ ಮೇಲೆ, ಯಾರಿಗೆ ಯಾವ ಲಾಟಿನ ಲಸಿಕೆ ಹೋಗಿತ್ತು ಅನ್ನೋ ಹಳೇ ದಾಖಲೆ ಹಿಡಿದು ಆ ಮುದುಕರನ್ನ ಹುಡುಕಿ ರಕ್ತ ಪರೀಕ್ಷೆ ಮಾಡಿದರು. 1987ರಲ್ಲಿ ಪ್ರಕಟಿಸಿದರು. ಲಾಟ್ ನಂಬರ್ ಬರೆದಿಟ್ಟಿದ್ದಕ್ಕೆ ತಾನೇ ಇದು ಆಗಿದ್ದು?

2002ರ ಕೊನೆಗೆ ಇರಾಕ್ ಯುದ್ಧಕ್ಕೆ ಮುಂಚೆ ಸಿಡುಬಿನ ಲಸಿಕೆ ಶುರು ಮಾಡಿದರು. ಸಿಡುಬಿನ ಲಸಿಕೆ ಇನ್ನೂರು ವರ್ಷದ ಹಳೇ ಮಾಲು, ಅದರಲ್ಲಿ ಹೊಸದೇನು ಬಂತು ಅಂತೀರಾ? ಬಂತು. ಮೊದಲ ಬಾರಿಗೆ ಹಾಕಿಸಿಕೊಂಡ 2,30,734 ಸೈನಿಕರಲ್ಲಿ 18 ಜನಕ್ಕೆ ಹೃದಯದ ಸ್ನಾಯುವಿನ ಉರಿಯೂತ. ಹನ್ನೆರಡು ಚಿಲ್ಲರೆ ಸಾವಿರಕ್ಕೆ ಒಬ್ಬ. 2021ರಲ್ಲಿ ಎಂಆರ್‌ಎನ್‌ಎ ಲಸಿಕೆ ಬಂದಾಗ ಅದೇ ಕಣ್ಣಿಟ್ಟುಕೊಂಡು ಕೂತಿದ್ದರು. 28 ಲಕ್ಷ ಡೋಸು ಹಾಕಿದ್ದರಲ್ಲಿ 23 ಜನ, ಎಲ್ಲ ಗಂಡಸರು, ಎಲ್ಲರೂ ಅಲ್ಲಿಯವರೆಗೆ ಗಟ್ಟಿಮುಟ್ಟು, ಎಲ್ಲರಿಗೂ ಚುಚ್ಚಿದ ನಾಲ್ಕು ದಿನದೊಳಗೆ ಎದೆನೋವು. 16 ಜನ ಒಂದು ವಾರದಲ್ಲಿ ಸರಿಹೋದರು. ಉಳಿದ ಏಳು ಜನಕ್ಕೆ ವರದಿ ಬರೆಯುವ ಹೊತ್ತಿಗೂ ಎದೆಯಲ್ಲಿ ಏನೋ ಒಂಥರಾ ಉಳಿದೇ ಇತ್ತು.

ಏಳು ಜನ. 28 ಲಕ್ಷದಲ್ಲಿ ಏಳು. ಅಂಥವರನ್ನ ನೋಡಿಕೊಳ್ಳೋಕೆ ಅಂತಲೇ 2001ರಿಂದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಲಸಿಕೆಗೇ ಮೀಸಲಾದ ಒಂದು ಕೇಂದ್ರ ಶುರು ಮಾಡಿದ್ದರು. ನಮಗೆ ಎಂಆರ್‌ಎನ್‌ಎ ಹಾಕಿಲ್ಲ, ಕೋವಿಶೀಲ್ಡ್, ಕೋವ್ಯಾಕ್ಸಿನ್ ಹಾಕಿದ್ದು, ಅದರ ಅಂಕಿ ಇದಕ್ಕೆ ಹೊಂದಲ್ಲ, ಒಪ್ಪಿದೆ. ನಾನು ಹೊಂದಿಸ್ತಿರೋದು ಆ ಏಳು ಜನರನ್ನ ಎಣಿಸಿದ ಬುದ್ಧಿಯನ್ನ.

'ಅಪರೂಪದ್ದನ್ನೆಲ್ಲ ಎತ್ತಿ ಆಡಿದರೆ ಜನ ಲಸಿಕೆನೇ ಹಾಕಿಸಲ್ಲ' ಅನ್ನೋದು ಈ ಕಡೆಯವರ ದೊಡ್ಡ ಬ್ರಹ್ಮಾಸ್ತ್ರ. ಅದಕ್ಕೆ ನಮ್ಮದೇ ಕಥೆ ಹೇಳ್ತೀನಿ. ಹಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ನೆನಪಿರುತ್ತೆ: ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನಾವು ಚಿಕ್ಕವರಿದ್ದಾಗ ನಾಯಿಗಿಂತ ಆ ಹದಿನಾಲ್ಕಕ್ಕೇ ಹೆಚ್ಚು ಹೆದರ್ತಿದ್ವಿ. ಆ ಲಸಿಕೆ ಹುಟ್ಟಿದ್ದು ಸೈನ್ಯದ ಮಡಿಲಲ್ಲಿ. ಹುಚ್ಚುನಾಯಿ ಕಚ್ಚಿದ ಬ್ರಿಟಿಷ್ ಸೈನಿಕರನ್ನ ಪ್ಯಾರಿಸ್ಸಿಗೆ ಕಳಿಸೋದು ತಪ್ಪಲಿ ಅಂತ 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ತೆರೆದರು. ಅದೇ ಕಸೌಲಿಯಲ್ಲಿ ಸೇನಾ ವೈದ್ಯ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮೆದುಳಿನಿಂದ ಈ ಲಸಿಕೆ ಮಾಡಿದ. ನಮ್ಮ ದಕ್ಷಿಣಕ್ಕೆ 1907ರಲ್ಲಿ ಶುರುವಾದ ಕೂನೂರಿನ ಸಂಸ್ಥೆ ಇತ್ತು. ಲಕ್ಷಾಂತರ ಜೀವ ಉಳಿಸಿದ ಔಷಧಿ ಅದು, ಸುಳ್ಳಲ್ಲ. ಆದರೆ ಮೆದುಳಿನ ಅಂಶ ಮೈಗೆ ಹೋಗಿ, ಕೆಲವರ ದೇಹ ತನ್ನದೇ ನರಗಳ ಮೇಲೆ ತಿರುಗಿ ಬೀಳ್ತಿತ್ತು. ಕಾಲು ಸೋತವರು, ಉಚ್ಚೆ ಕಟ್ಟಿಕೊಂಡವರು, ಪಾರ್ಶ್ವವಾಯು ಆದವರು. ಕೆಲವು ನೂರಕ್ಕೊಬ್ಬರಿಂದ ಕೆಲವು ಸಾವಿರಕ್ಕೊಬ್ಬರವರೆಗೆ, ಒಂದೊಂದು ಕಡೆ ಒಂದೊಂದು ಲೆಕ್ಕ. ನಮ್ಮ ನಿಮ್ಹಾನ್ಸ್ ಡಾಕ್ಟರುಗಳು 1984ರಲ್ಲೇ ಅಂಥ ರೋಗಿಗಳ ಬಗ್ಗೆ ಬರೆದರು. ಎಂಬತ್ತರ ದಶಕದಿಂದಲೇ ಇದನ್ನ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಿತ್ತು. ದುಡ್ಡಿದ್ದವರಿಗೆ ಮೆಡಿಕಲ್ ಶಾಪಿನಲ್ಲಿ ಹೊಸ ಲಸಿಕೆ ಸಿಗ್ತಿತ್ತು, ನಮ್ಮಂಥವರಿಗೆ ಸರ್ಕಾರಿ ಆಸ್ಪತ್ರೆಯ ಕುರಿ ಮೆದುಳು. ನಿಂತಿದ್ದು 2004ರ ಕೊನೆಗೆ.

ನಿಂತ ಮೇಲೆ ಜನ ನಾಯಿ ಸೂಜಿ ಹಾಕಿಸೋದು ಬಿಟ್ಟರಾ? ಹೊಸದು ತೋಳಿಗೆ, ನಾಲ್ಕೈದೇ ಸಲ, ಕಾಲು ಸೋಲೋ ಭಯ ಇಲ್ಲ. ಹಾಗಾಗಿ ಧೈರ್ಯವಾಗಿ ಹೋಗ್ತಾರೆ. ಅಡ್ಡಪರಿಣಾಮ ಬರೆದಿಟ್ಟವರಿಂದ ಲಸಿಕೆಗೆ ಒಳ್ಳೇದೇ ಆಯ್ತು. ಮುಚ್ಚಿಟ್ಟ ಇಪ್ಪತ್ತು ವರ್ಷದಲ್ಲಿ ಕಾಲು ಕಳಕೊಂಡವರಿಗೆ ಏನಾಯ್ತು ಅಂತ ಕೇಳೋರೇ ಇಲ್ಲ.

ಇನ್ನೊಂದು ವಾದ: 'ಲಸಿಕೆಯಿಂದಲೇ ಆಯ್ತು ಅಂತ ಪ್ರೂಫ್ ಏನು?' ಒಬ್ಬನೊಬ್ಬನ ಮಟ್ಟದಲ್ಲಿ ಪ್ರೂಫ್ ಸಿಗೋದು ಕಷ್ಟವೇ. ನಮ್ಮ ಲಸಿಕೋತ್ತರ ಪರಿಣಾಮಗಳ ಸಮಿತಿಯೂ ಪ್ರಕರಣಗಳನ್ನ ಸಂಬಂಧ ಇದೆ, ಇರಬಹುದು, ಕಾಕತಾಳೀಯ, ಹೇಳಕ್ಕಾಗಲ್ಲ ಅಂತ ವಿಂಗಡಿಸುತ್ತೆ. ಸರಿಯಾದ ವಿಧಾನವೇ. ಆದರೆ ಅದು ವಿಜ್ಞಾನದ ಪ್ರಶ್ನೆಗೆ ಉತ್ತರ, ಅನ್ನದ ಪ್ರಶ್ನೆಗಲ್ಲ. ನಮ್ಮ ಆ್ಯಪಿನಲ್ಲಿ ಒಬ್ಬರ ದುಡ್ಡು ಕಟ್ ಆಗಿ ಆರ್ಡರ್ ಬೀಳದಿದ್ದರೆ ನಾವೇನು ಮಾಡ್ತೀವಿ? ಮೊದಲು ರಿಫಂಡ್, ಆಮೇಲೆ ರೂಟ್ ಕಾಸ್. 'ಬ್ಯಾಂಕಿಂದಾ, ನಮ್ಮಿಂದಾ, ನಿಮ್ಮ ನೆಟ್‌ವರ್ಕಿಂದಾ, ನೀವೇ ಸಾಬೀತು ಮಾಡಿ' ಅಂದರೆ ಮಾರನೇ ದಿನ ಟ್ವಿಟರಿನಲ್ಲಿ ಹರಾಜಾಗ್ತೀವಿ. 499 ರೂಪಾಯಿಗೆ ತೋರಿಸೋ ನಿಯತ್ತು ಒಬ್ಬನ ಎದೆಗೂಡಿಗೆ ಬೇಡವಾ?

ಬ್ರಿಟನ್ನಿನವರು 1979ರಲ್ಲೇ ಲಸಿಕೆ ಹಾನಿಗೆ ಕಾಯ್ದೆ ಮಾಡಿ ಒಂದು ಮೊತ್ತ ಕೊಡ್ತಾರೆ, ಈಗ ಅದು 1,20,000 ಪೌಂಡು. ಷರತ್ತುಗಳು ಬಿಗಿ, ಬೈಯೋರು ಅಲ್ಲೂ ಇದ್ದಾರೆ, ಆದರೆ ಬಾಗಿಲು ಅಂತ ಒಂದಿದೆ. ನಮ್ಮಲ್ಲಿ ಔಷಧಿಯ ಕ್ಲಿನಿಕಲ್ ಟ್ರಯಲ್ಲಿಗೆ ಸೇರಿದವನಿಗೆ ಹಾನಿಯಾದರೆ 2019ರ ನಿಯಮಗಳ ಪ್ರಕಾರ ಪರಿಹಾರ ಇದೆ. ಪ್ರಯೋಗಕ್ಕೆ ಖುಷಿಯಿಂದ ಒಪ್ಪಿ ಬಂದವನಿಗೆ ಇದೆ, ಆದೇಶಕ್ಕೆ ತೋಳು ಮಡಚಿ ನಿಂತವನಿಗೆ ಅಂಥ ನಿಧಿ ಇಲ್ಲ. ಇದಕ್ಕೆ ನ್ಯಾಯ ಅಂತ ಹೆಸರಿಡೋಕೆ ನನ್ನ ಬಾಯಿ ಬರಲ್ಲ.

ಸೈನಿಕನಿಗೆ ಅಂಗವೈಕಲ್ಯ ಪಿಂಚಣಿ ಇಲ್ಲವಾ ಅಂತೀರಾ? ಇದೆ. 'ಸೇವೆಯಿಂದ ಆದದ್ದು, ಇಲ್ಲಾ ಸೇವೆಯಿಂದ ಉಲ್ಬಣ ಆದದ್ದು' ಅಂತ ಮೆಡಿಕಲ್ ಬೋರ್ಡು ಬರೆದರೆ. ಮೂರ್ಛೆರೋಗದ ಒಬ್ಬ ಸೈನಿಕನ ಕೇಸಿನಲ್ಲಿ, ಧರಮ್‌ವೀರ್ ಸಿಂಗ್ ತೀರ್ಪು, 2013, ಸುಪ್ರೀಂ ಕೋರ್ಟು ಚೆನ್ನಾಗಿ ಹೇಳಿದೆ: ಸೇರುವಾಗ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿ ಬಂದ ಅಂತಲೇ ತಿಳೀಬೇಕು, ಸೇವೆಯಿಂದ ಆಗಿಲ್ಲ ಅಂತ ಸಾಬೀತು ಮಾಡೋ ಭಾರ ಸರ್ಕಾರದ್ದು. ನಾನು ಕೇಳ್ತಿರೋದು ಇದನ್ನೇ ಲಸಿಕೆಗೂ ಬಾಯಿಬಿಟ್ಟು ಬರೀರಿ ಅಂತ. ಆದೇಶದ ಮೇಲೆ ಹಾಕಿದ ಲಸಿಕೆ ಸೇವೆಯ ಭಾಗ. ಆಮೇಲೆ ಉಳಿದ ತೊಂದರೆ ಅದರಿಂದಲ್ಲ ಅಂತ ನೀವು ತೋರಿಸಿ, ಅಲ್ಲಿಯವರೆಗೆ ಅವನ ಸಂಬಳ, ಚಿಕಿತ್ಸೆ, ಕೆಟಗರಿ ಮೂರನ್ನೂ ಮುಟ್ಟಬೇಡಿ. ದೂರು ಕೊಟ್ಟವನ ಪ್ರಮೋಷನ್ ಹೋಗಲ್ಲ ಅಂತ ಗೊತ್ತಾದ ದಿನ 'ಇಳೀತು ಅನ್ನೋದು' ತಾನಾಗೇ ಕಮ್ಮಿ ಆಗುತ್ತೆ.

ಇದನ್ನ ಈಗಲೇ ಹೇಳೋಕೆ ಕಾರಣ ಅಗ್ನಿವೀರರು. ನಾಲ್ಕು ವರ್ಷ ಕೆಲಸ, ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನಕ್ಕೆ ಮುಂದುವರಿಕೆ, ಪಿಂಚಣಿ ಇಲ್ಲ. ಅಂಗವೈಕಲ್ಯಕ್ಕೆ 44 ಲಕ್ಷ, 25 ಲಕ್ಷ, 15 ಲಕ್ಷ ಅಂತ ಮೂರು ಮೆಟ್ಟಿಲು, ಅದೂ ಸೇವೆಯಿಂದ ಆದದ್ದು ಅಂತ ಬರೆದರೆ. ಆ ಇಪ್ಪತ್ತೈದರಲ್ಲಿ ಒಬ್ಬ ಆಗೋಕೆ ಒದ್ದಾಡ್ತಿರೋ ಇಪ್ಪತ್ತೊಂದರ ಹುಡುಗ ಎದೆನೋವನ್ನ ಹೇಳಿಕೊಳ್ತಾನಾ? ಹೇಳಿಕೊಳ್ಳದೇ ಊರಿಗೆ ಬಂದ ಮೇಲೆ ಅವನಿಗೆ ತೋರಿಸೋಕೆ ಏನಿರುತ್ತೆ? 2026-27ರ ಹೊತ್ತಿಗೆ ಮೊದಲ ಬ್ಯಾಚು ಹೊರಗೆ ಬರುತ್ತೆ. ಆ ಎಪ್ಪತ್ತೈದು ಹುಡುಗರ ಕೈಗೆ ಸೇವಾನಿಧಿಯ ಚೆಕ್ಕಿನ ಜೊತೆ, ನಾಲ್ಕು ವರ್ಷದಲ್ಲಿ ಚುಚ್ಚಿದ ಪ್ರತಿ ಲಸಿಕೆಯ ಹೆಸರು, ತಾರೀಖು, ಲಾಟ್ ನಂಬರ್ ಬರೆದ ಒಂದು ಹಾಳೆ ಕೊಟ್ಟು ಕಳಿಸ್ತೀರಾ, ಇಲ್ಲವಾ?

(ಮೇ 2024)